ಮಾವನ ಮನೆಗೆ ಇಂಜಿನಿಯರ್ ಕರೆತರುವುದು ಹೇಗೆ?

(ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ಉದ್ಯೋಗ, ಬಡಾವಣೆ, ಕೆಲವು ಕೌಟುಂಬಿಕ ವಿವರ ಬದಲಿಸಿದ್ದೇನೆ. ಇದನ್ನು ಬರೆಯಲು ದಂಪತಿಯ ಒಪ್ಪಿಗೆ ಇದೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಗಂಡ, ಹೆಂಡತಿ ಇಬ್ಬರೂ ನಲವತ್ತರ ಆಸುಪಾಸಿನವರು. ಹತ್ತು ವರ್ಷದಿಂದ ಬಾಡಿಗೆ ಮನೆ. ಈಗ ಸ್ವಂತ ಮನೆ ಕೊಳ್ಳುವ ಮಾತು ನಡೆದಿದೆ. ಆ ಮಾತು ಶುರುವಾದಾಗಿನಿಂದ ಇಬ್ಬರೂ ಸರಿಯಾಗಿ ಮಾತಾಡುತ್ತಿಲ್ಲ. "ಒಂದು ಗೋಡೆ ವಿಷಯಕ್ಕೆ ಇಷ್ಟೆಲ್ಲ ಆಗ್ತಿದೆ ಮೇಡಂ" ಅಂದರು ಗಂಡ. "ಗೋಡೆ ವಿಷಯ ಅಲ್ಲ ಅದು" ಅಂದರು ಹೆಂಡತಿ.

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆ. 30x40 ಸೈಟು, ಕೆಳಗೊಂದು ಮನೆ, ಮೇಲೊಂದು ಮನೆ. ಕಟ್ಟಿ 25 ವರ್ಷ ದಾಟಿದೆ. ಮಾರುತ್ತಿರುವವರು ಗಂಡನ ಸೋದರಮಾವ. ಮಾವನ ಮಕ್ಕಳು ಹೊರದೇಶದಲ್ಲಿದ್ದಾರೆ, ಮಾವ ಮತ್ತು ಅವರ ಹೆಂಡತಿಗೆ ಮೈಸೂರಿಗೆ ಹೋಗಿ ನೆಲೆಸುವ ಆಸೆ. ಹೊರಗಿನವರಿಗೆ ಕೊಡುವ ಬದಲು ಅಕ್ಕನ ಮಗನಿಗೇ ಕೊಡೋಣ ಅಂತ ಬೆಲೆಯಲ್ಲೂ ಸ್ವಲ್ಪ ಇಳಿಸಿದ್ದಾರೆ. ಆಷಾಢಕ್ಕೆ ಮೊದಲು ರಿಜಿಸ್ಟ್ರೇಷನ್ ಮುಗಿಯಬೇಕು.

ಫೆಬ್ರವರಿ ಕೊನೆಯಲ್ಲಿ ಎಲ್ಲರೂ ಸೇರಿ ಮನೆ ನೋಡಲು ಹೋಗಿದ್ದಾರೆ. ಕೆಳಗಿನ ಬೆಡ್‌ರೂಮಿನಲ್ಲಿ ಮೂರು ಗೋಡೆಗೆ ಹಳೆಯ ಬಣ್ಣ, ಒಂದಕ್ಕೆ ಮಾತ್ರ ಹೊಸದು. ಆ ಗೋಡೆಗೆ ಒರಗಿರಬೇಕಾದ ಬೀರು ಒಂದು ಗೇಣು ಮುಂದಕ್ಕಿದೆ. ಹೆಂಡತಿ ಬೀರುವಿನ ಹಿಂದೆ ಕೈ ಹಾಕಿ ನೋಡಿದ್ದಾರೆ. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯಿಂದ ಮೊಣಕಾಲೆತ್ತರದವರೆಗೆ ಗೋಡೆ ತಣ್ಣಗಿತ್ತು. ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಬೆರಳು ತಾಗಿದ ಕೂಡಲೇ ಒಂದು ಗುಳ್ಳೆ ಒಡೆದು ಉಗುರಿನಡಿ ಬಿಳಿ ಪುಡಿ ಸೇರಿಕೊಂಡಿತು. "ಗೋಡೆ ಉಪ್ಪು ಬಿಡ್ತಿದೆ" ಅಂತ ಅವರು ಮೆಲ್ಲಗೆ ಗಂಡನಿಗೆ ಹೇಳಿದ್ದು ಅತ್ತೆಯ, ಅಂದರೆ ಗಂಡನ ಅಮ್ಮನ, ಕಿವಿಗೂ ಬಿತ್ತು. ಕಾರಿನಲ್ಲಿ ವಾಪಸ್ ಬರುವಾಗ ಒಬ್ಬ ಇಂಜಿನಿಯರ್ ಕರೆಸಿ ಮನೆಯನ್ನು ಪೂರ್ತಿ ತಪಾಸಣೆ ಮಾಡಿಸೋಣ ಅಂದಾಗ ಅತ್ತೆ ಸಿಡಿದರು: "ನನ್ನ ತಮ್ಮ ನಿಮಗೆ ಮೋಸ ಮಾಡ್ತಾನಾ? ಅವನ ಮನೆಗೆ ಪೊಲೀಸರನ್ನ ಕರ್ಕೊಂಡು ಬಂದ ಹಾಗೆ ಇಂಜಿನಿಯರ್ ಕರ್ಕೊಂಡು ಬರ್ತೀರಾ?"

ಅದೇ ಮನೆಗೆ ಆ ಮೊದಲೇ ವಾಸ್ತು ನೋಡುವವರನ್ನು ಕರೆಸಿ, ದಕ್ಷಿಣೆ ಕೊಟ್ಟು, ಅಡುಗೆಮನೆ ಯಾವ ಮೂಲೆಯಲ್ಲಿದೆ ಅಂತ ಅಳೆಸಿದ್ದರು. ಆಗ ಯಾರಿಗೂ ಅವಮಾನ ಆಗಿರಲಿಲ್ಲ. ನಾನು ಇದನ್ನು ಹೇಳಿದಾಗ ಗಂಡನಿಗೂ ನಗು ಬಂತು.

ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಗಂಡ ಹೇಳಿದ್ದು ಇದು. ಅವರ ಅಪ್ಪ ಬೇಗ ತೀರಿಕೊಂಡರು. ಪಿಯುಸಿ ಓದಿದ್ದು ಇದೇ ಮಾವನ ಮನೆಯಲ್ಲಿ ಇದ್ದುಕೊಂಡು. ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಮಾವ. "ಅವರು ನನ್ನ ಹತ್ರ ಒಂದು ದಿನವೂ ಲೆಕ್ಕ ಕೇಳಿಲ್ಲ. ನಾನು ಹೋಗಿ ಗೋಡೆಗೆ ಮೀಟರ್ ಹಿಡೀಲಾ?" ಮಾತಾಡುತ್ತ ಅವರ ಕಣ್ಣು ತುಂಬಿತು.

ಹೆಂಡತಿಯ ಕಥೆ ಬೇರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಅವರು ಸರ್ಜಾಪುರ ರಸ್ತೆಯ ಕಡೆ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಆ ವಾರ ಬೆಳ್ಳಂದೂರು, ಯಮಲೂರು, ಮಹದೇವಪುರದ ಕಡೆ ಏನಾಯಿತು ಅಂತ ಬೆಂಗಳೂರಿನವರಿಗೆ ನೆನಪಿದ್ದೇ ಇರುತ್ತದೆ, ಟ್ರ್ಯಾಕ್ಟರಿನಲ್ಲಿ ಜನ ಆಫೀಸಿಗೆ ಹೋದರು. ಇವರ ಮನೆಗೂ ರಾತ್ರಿ ನೀರು ನುಗ್ಗಿತು. ಗಂಡ ಊರಲ್ಲಿರಲಿಲ್ಲ. ಮಗುವನ್ನು ಎತ್ತಿಕೊಂಡು ಮೇಲಿನ ಮನೆಯವರ ಬಾಗಿಲು ತಟ್ಟಿದ್ದರು. ಇಂದಿಗೂ ಜೋರು ಮಳೆ ಬಂದರೆ ಎದ್ದು ಹೋಗಿ ಬಾಗಿಲ ಸಂದಿ ನೋಡಿ ಬರುತ್ತಾರೆ. ಹೂಸ್ಟನ್ನಿನಲ್ಲಿರುವ ಅವರ ಅಣ್ಣ ಫೋನಿನಲ್ಲಿ, ತಪಾಸಣೆ ಇಲ್ಲದೆ ಯಾಕೆ ತಗೊಳ್ತೀಯ ಅಂತ ಬೇರೆ ಹೇಳಿದ್ದಾರೆ. ಟೆಕ್ಸಸ್‌ನಲ್ಲಿ ಮನೆ ತಪಾಸಣೆ ಮಾಡುವವರಿಗೆ ಸರ್ಕಾರದ ಲೈಸೆನ್ಸ್ ಇರಬೇಕು. ಕೊಳ್ಳುವವರು ಸಣ್ಣ ಮೊತ್ತ ಕಟ್ಟಿದರೆ ಅಗ್ರಿಮೆಂಟ್ ಆದಮೇಲೂ ಕೆಲವು ದಿನದ ಒಳಗೆ, ಕಾರಣ ಹೇಳದೆ, ಹಿಂದೆ ಸರಿಯಬಹುದು. ಅಲ್ಲಿನ ಹವೆಯೂ ಸೆಕೆ ಮತ್ತು ತೇವದ್ದು, ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಹಾಗಾಗಿ ಗೆದ್ದಲು, ಬೂಷ್ಟಿನ ಭಯ ಅಲ್ಲಿ ಇದ್ದೇ ಇರುತ್ತದೆ. "ಅದು ಅಮೆರಿಕ, ಇದು ನಮ್ಮ ಮಾವನ ಮನೆ" ಅನ್ನುವುದು ಗಂಡನ ವಾದ.

ವಾದದಲ್ಲಿ ಅರ್ಧ ಸತ್ಯ ಇದೆ. ನಮ್ಮಲ್ಲಿ ಇಟ್ಟಿಗೆ, ಕಾಂಕ್ರೀಟು. ಮನೆ ತಪಾಸಣೆಗೆ ಅಂತ ಪ್ರತ್ಯೇಕ ಲೈಸೆನ್ಸೂ ಇಲ್ಲ. ಆದರೆ ನಮ್ಮೂರಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಸೆಪ್ಟೆಂಬರ್ ತಿಂಗಳದೇ ದೊಡ್ಡ ಪಾಲು. ಮನೆ ತೋರಿಸುವುದು, ಮಾರುವುದು ಜಾಸ್ತಿ ನಡೆಯುವುದು ಒಣ ತಿಂಗಳಲ್ಲಿ. ಆಷಾಢದಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಮನೆ ನೋಡುವುದಕ್ಕೆ ಅದೇ ಒಳ್ಳೆ ತಿಂಗಳು. ಕೊಳ್ಳೋದು ಬೇಡ, ಸುಮ್ನೆ ಹೋಗಿ ನೋಡಿಕೊಂಡು ಬನ್ನಿ.

ಗಂಡನಿಗೆ ಒಂದು ತಪ್ಪು ಕಲ್ಪನೆಯೂ ಇತ್ತು, ತುಂಬಾ ಜನರಿಗೆ ಇರುವಂಥದ್ದೇ. "ಬ್ಯಾಂಕಿನವರು ನೋಡ್ತಾರಲ್ಲ." ಬ್ಯಾಂಕಿನ ವಕೀಲರು ನೋಡುವುದು ಇಸಿ (ಆಸ್ತಿಯ ಮೇಲಿನ ಋಣಭಾರದ ಪತ್ರ), ಖಾತಾ, ಹಳೆಯ ಕ್ರಯಪತ್ರ. ವ್ಯಾಲ್ಯುಯರ್ ಬರುವುದು ಸಾಲಕ್ಕೆ ತಕ್ಕ ಬೆಲೆ ಮನೆಗೆ ಇದೆಯಾ ಅಂತ ತಿಳಿಯಲು. ಬೀರುವಿನ ಹಿಂದೆ ಕೈ ಹಾಕುವುದು ಅವರ ಕೆಲಸ ಅಲ್ಲ. ಇನ್ನು ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾಯ್ದೆಯ 5 ವರ್ಷದ ದೋಷ ಪರಿಹಾರ ಸಿಗುವುದು ಬಿಲ್ಡರ್ ಕೊಟ್ಟ ಹೊಸ ಮನೆಗೆ, ಮಾವನ 25 ವರ್ಷದ ಮನೆಗೆ ಅದು ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಮಾರುವವರಿಗೆ ಒಂದು ಹೊಣೆ ಹಾಕಿದೆ. ತಮಗೆ ಗೊತ್ತಿದ್ದು, ಕೊಳ್ಳುವವರ ಕಣ್ಣಿಗೆ ಸಾಮಾನ್ಯ ಎಚ್ಚರದಲ್ಲಿ ಬೀಳದ ದೊಡ್ಡ ದೋಷವಿದ್ದರೆ ಅವರೇ ಹೇಳಬೇಕು. ಹೇಳಲಿಲ್ಲ ಅಂತ ಮಾವನ ಮೇಲೆ ಕೇಸು ಹಾಕುತ್ತೀರಾ ಅಂತ ಕೇಳಿದೆ. ಗಂಡ ತಲೆ ಅಲ್ಲಾಡಿಸಿದರು. ಹಾಗಾದರೆ ಸಂಬಂಧಿಕರಿಂದ ಕೊಳ್ಳುವಾಗ ತಪಾಸಣೆ ಇನ್ನೂ ಜಾಸ್ತಿ ಬೇಕು, ಅಲ್ವಾ? ಹೊರಗಿನವರಾದರೆ ಆಮೇಲೆ ಜಗಳವಾದರೂ ಆಡಬಹುದು.

ಇನ್ನು ನಾನು ಕೊಟ್ಟ ಸಲಹೆ. ಗಂಡನಿಗೆ ಹೇಳಿದ್ದು: ಮಾವನ ಋಣ ದೊಡ್ಡದು, ನಿಜ. ಅದನ್ನು ಮನೆಯ ಬೆಲೆಯೊಳಗೆ ಮುಚ್ಚಿಟ್ಟು ತೀರಿಸಬೇಡಿ. ಮೊದಲು ರಿಪೇರಿಗೆ ಎಷ್ಟಾಗುತ್ತದೆ ಅಂತ ತಿಳಿಯಲಿ. ಆ ಖರ್ಚು ನಾನೇ ಹೊರುತ್ತೇನೆ, ಮಾವನಿಂದ ಕಡಿತ ಬೇಡ ಅಂತ ಅನ್ನಿಸಿದರೆ ಹೆಂಡತಿಗೆ ಹೇಳಿ, ಇಬ್ಬರೂ ಒಪ್ಪಿ, ತಿಳಿದೇ ಕೊಡಿ. ಗೊತ್ತಿಲ್ಲದೆ ಕೊಟ್ಟರೆ ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮಾವನ ಮೇಲೆ ನಿಮಗೇ ಸಿಟ್ಟು ಬರುತ್ತದೆ.

ಹೆಂಡತಿಗೆ ಹೇಳಿದ್ದು: ಒಂದೇ ತಪಾಸಣೆ. ವರದಿಯಲ್ಲಿ ಏನು ಬಂದರೆ ಕೊಳ್ಳುವುದಿಲ್ಲ, ಏನು ಬಂದರೆ ರಿಪೇರಿ ಮಾಡಿಸಿ ಕೊಳ್ಳುವುದು ಅಂತ ಮೊದಲೇ ಇಬ್ಬರೂ ಕೂತು ಬರೆದಿಡಿ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಭಯಕ್ಕೆ ಎರಡನೇ, ಮೂರನೇ ಇಂಜಿನಿಯರ್ ಬೇಕು ಅನ್ನಿಸುತ್ತಲೇ ಇರುತ್ತದೆ. 2022ರ ರಾತ್ರಿಯ ಬಗ್ಗೆ ನಾವು ಬೇರೆಯಾಗಿ ಮಾತಾಡಬೇಕು ಅಂದೆ, ಈಗ ಮಾತಾಡುತ್ತಿದ್ದೇವೆ.

ಕಷ್ಟದ್ದು ಮಾವನಿಗೆ ಹೇಳುವುದು. ಬ್ಯಾಂಕಿನವರು ಕೇಳಿದ್ದಾರೆ ಅಂತ ಒಂದು ಸುಳ್ಳು ಹೇಳಿಬಿಡಲಾ ಅಂತ ಗಂಡ ಕೇಳಿದರು. ಮಾವ ಬ್ಯಾಂಕಿನಲ್ಲೇ ಕೆಲಸ ಮಾಡಿ ರಿಟೈರ್ ಆದವರು! ಬೇಡ ಅಂದೆ. ವಾಟ್ಸಾಪಿನಲ್ಲೂ ಬೇಡ, ಹೆಂಡತಿಯ ಬಾಯಲ್ಲಂತೂ ಬೇಡವೇ ಬೇಡ. ಅಕ್ಕನ ಮಗನೇ ಹೋಗಿ, ಅಮ್ಮನನ್ನೂ ಕರೆದುಕೊಂಡು, ಅಡ್ವಾನ್ಸ್ ಕೊಡುವ ಮೊದಲು ಹೇಳಬೇಕು. ಹೇಗೆ ಹೇಳುವುದು ಅಂತ ನನ್ನ ಮುಂದೆಯೇ ಅಭ್ಯಾಸ ಮಾಡಿದೆವು. ಕೊನೆಗೆ ನಿಂತದ್ದು ಇಷ್ಟು: "ಮಾವ, ಇಪ್ಪತ್ತು ವರ್ಷದ ಸಾಲ ತಗೊಳ್ತಿದ್ದೀನಿ. ಮನೆಗೆ ಮುಂದೆ ಎಷ್ಟು ಖರ್ಚು ಬರುತ್ತೆ ಅಂತ ಗೊತ್ತಿರಬೇಕು. ಒಬ್ಬ ಇಂಜಿನಿಯರ್‌ನ ಕರ್ಕೊಂಡು ಬರ್ತೀನಿ. ನೀವೂ ಜೊತೆಗಿರಿ, ಮನೆ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮಾವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲವಂತೆ. ಆಮೇಲೆ "ಭಾನುವಾರ ಬನ್ನಿ" ಅಂದರಂತೆ.

ಬ್ರೋಕರ್ ಹೇಳಿದವರನ್ನು ಬಿಟ್ಟು, ತಾವೇ ಹುಡುಕಿದ ಸಿವಿಲ್ ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋದರು. ಅವರು ಮನೆಯೊಳಗೆ ಹೋಗುವ ಮೊದಲು ಗೇಟಿನ ಬಳಿ ನಿಂತು ರಸ್ತೆ ನೋಡಿದರಂತೆ. ಟಾರಿನ ಮೇಲೆ ಟಾರು ಹಾಕಿ ಹಾಕಿ ರಸ್ತೆ ಎತ್ತರವಾಗಿದೆ, ಮನೆಯ ಅಂಗಳ ಅದಕ್ಕಿಂತ ಕೆಳಗಿದೆ. ಜೋರು ಮಳೆಗೆ ನೀರು ಗೇಟಿನೊಳಗೆ ಬಂದು ಸಂಪಿನ ಮುಚ್ಚಳದ ಸುತ್ತ ನಿಲ್ಲುತ್ತದೆ. ಹೆಂಡತಿಗೆ ಇದು ಹೊಳೆದೇ ಇರಲಿಲ್ಲ. ಅವರ ಕಣ್ಣೆಲ್ಲ ಗೋಡೆಯ ಮೇಲಿತ್ತು.

ಗೋಡೆಯ ಕಥೆ ಬೇರೆಯೇ ಇತ್ತು. ತಿಂಗಳುಗಟ್ಟಲೆ ಮಳೆ ಇಲ್ಲದಿದ್ದರೂ ಒದ್ದೆ ಇದೆ ಅಂದರೆ ಅದು ಮಳೆ ನೀರಲ್ಲ. ಗೋಡೆಯ ಆ ಬದಿಗೆ ಬಚ್ಚಲುಮನೆ. ಗೋಡೆಯೊಳಗೆ ಹೂತ ಹಳೆಯ ಜಿಐ (ಸತು ಲೇಪದ ಕಬ್ಬಿಣ) ಪೈಪು, ತುಕ್ಕು ಹಿಡಿದು ಜಿನುಗುತ್ತಿದೆ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಉಳಿದ ಮೂರು ಗೋಡೆಯಲ್ಲಿ ಒಣಗಿದೆ ಅಂತಲೇ ತೋರಿಸಿತು. ಟೆರೇಸಿಗೆ ನೀರು ಕಟ್ಟಿ ಒಂದು ದಿನ ನಿಲ್ಲಿಸಿದರು, ಕೆಳಗಿನ ಸೀಲಿಂಗ್ ಒಣಗಿಯೇ ಇತ್ತು. ಪಿಲ್ಲರು, ಬೀಮುಗಳಲ್ಲಿ ತುಕ್ಕಿನ ಕಲೆಯ ಬಿರುಕು ಇಲ್ಲ. ಇದು ದೊಡ್ಡ ಸಮಾಧಾನ. ಒಂದು ಬಾಗಿಲ ಚೌಕಟ್ಟು ತಟ್ಟಿದರೆ ಟೊಳ್ಳು ಸದ್ದು, ಅಟ್ಟದ ಮೂಲೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ. ಅರ್ಥಿಂಗ್ ಸರಿ ಇಲ್ಲ. ಬೋರ್‌ವೆಲ್ ನೀರಿನ ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಅಶ್ವಿನಿ, ಭರಣಿ ಮಳೆ ಒಂದೆರಡು ಬಿದ್ದ ಮೇಲೆ ಇನ್ನೊಮ್ಮೆ ಬಂದು ಅಂಗಳ ನೋಡುತ್ತೇನೆ ಅಂತ ಇಂಜಿನಿಯರೇ ಹೇಳಿದರು.

ಬೀರು ಸರಿಸಲು ಹೇಳಿದ್ದು ಯಾರು ಗೊತ್ತಾ? ಮಾವನ ಹೆಂಡತಿ. "ಇದನ್ನ ನೋಡಿ, ಎರಡು ವರ್ಷದಿಂದ ಹೀಗೇ ಇದೆ, ಇವರು ಬಣ್ಣ ಹೊಡೆಸ್ತಾನೇ ಇದ್ದಾರೆ" ಅಂದರಂತೆ. ಮಾವ ತಲೆ ತಗ್ಗಿಸಿದರಂತೆ. ಅವರು ಅದನ್ನು ಮುಚ್ಚಿಟ್ಟದ್ದರಲ್ಲಿ ಮೋಸಕ್ಕಿಂತ ಸಂಕೋಚ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ತಾನು ಕಟ್ಟಿದ ಮನೆ ಮುಪ್ಪಾಗಿದೆ ಅಂತ ಅಕ್ಕನ ಮಗನ ಮುಂದೆ ಒಪ್ಪಿಕೊಳ್ಳುವುದು ಸುಲಭವಲ್ಲ.

ರಿಪೇರಿ ಅಂದಾಜು 4 ಲಕ್ಷದ ಹತ್ತಿರ ಬಂತು. ಪೈಪು ಪೂರ್ತಿ ಬದಲಿಸಿ ಬಚ್ಚಲುಮನೆ ಸರಿ ಮಾಡಿಸಿಕೊಡುವುದು ಮಾವನ ಪಾಲು, ರಿಜಿಸ್ಟ್ರೇಷನ್‌ಗೆ ಮೊದಲು. ಗೆದ್ದಲು, ಅರ್ಥಿಂಗ್, ಗೇಟಿನ ಮುಂದಿನ ಇಳಿಜಾರು ಇವರ ಪಾಲು. ಇದನ್ನು ಬಾಯಿಮಾತಿನಲ್ಲಿ ಬಿಡದೆ ಅಗ್ರಿಮೆಂಟಿನಲ್ಲಿ ಬರೆಸಿ ಅಂತ ಹೇಳಿದ್ದೆ. ಬರೆಸಿದ್ದಾರೆ, ಮಾವನೇ ಕರಡು ತಿದ್ದಿಕೊಟ್ಟರಂತೆ.

ಅತ್ತೆ ಮಾತ್ರ ಇನ್ನೂ ಸೊಸೆಯ ಜೊತೆ ಮುಖ ಕೊಟ್ಟು ಮಾತಾಡುತ್ತಿಲ್ಲ. ನಾನು ಕ್ಷಮೆ ಕೇಳಬೇಕಾ ಅಂತ ಸೊಸೆ ಕೇಳಿದರು. ಗೋಡೆ ಮುಟ್ಟಿದ್ದಕ್ಕೆ ಬೇಡ, ಕಾರಿನಲ್ಲಿ ದನಿ ಏರಿಸಿದ್ದಕ್ಕೆ ಕೇಳಬೇಕು ಅನ್ನಿಸಿದರೆ ಕೇಳಿ ಅಂದೆ. ತಮ್ಮನ ಪರ ನಿಲ್ಲುವುದು ಅಕ್ಕನಿಗೆ ಸಹಜ, ಅದನ್ನು ಗಂಡ ಹೆಂಡತಿ ಇಬ್ಬರೂ ಅವರ ಎದುರು ಒಮ್ಮೆ ಹೇಳಿದರೆ ಒಳ್ಳೆಯದು. ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ಬರುತ್ತೇನೆ ಅಂತ ಗಂಡ ಹೇಳಿ ಹೋಗಿದ್ದಾರೆ. ಬರುವುದು ಬಿಡುವುದು ಆ ಹಿರಿಯರಿಗೆ ಬಿಟ್ಟದ್ದು.