ಚರ್ಮದ ಡಾಕ್ಟ್ರುಗಳಲ್ಲೂ ಬಣ್ಣದ ಭೇದ ಇದೆಯಾ?

ಪ್ರಶ್ನೆ ಹಾಕಿದೋರು ಡರ್ಮಟಾಲಜಿ ಪಿಜಿ ಸೇರೋಕೆ ಹೊರಟಿದ್ದಾರಂತೆ. ಈ ಫೀಲ್ಡಲ್ಲಿ ರೇಸಿಸಂ ಇದೆ ಅಂತ ಹೊರದೇಶದೋರು ಬರೀತಾರೆ, ಆದ್ರೆ ನಮ್ಮಲ್ಲಿ ಎಲ್ರೂ ಕಂದು ಬಣ್ಣದೋರೇ ಅಲ್ವಾ, ಇಲ್ಲೇನಿರತ್ತೆ, ಇದ್ರೆ ನಾವೇನ್ ಮಾಡ್ಬಹುದು ಅಂತ ಕೇಳಿದ್ದಾರೆ. ನಾನು ತೀರ್ಥಹಳ್ಳಿ ಕಡೆಯವನು, ಶಿವಮೊಗ್ಗದಲ್ಲಿ ಚರ್ಮದ ಕ್ಲಿನಿಕ್ ಇಟ್ಕೊಂಡಿದೀನಿ, ಅದಕ್ಕೇ ಬಾಯಿ ಹಾಕ್ತಿದೀನಿ.

ಇದೆ ಮಾರಾಯ್ರೆ. ಮೊದ್ಲು ನನ್ನ ತಪ್ಪೇ ಹೇಳ್ಬಿಡ್ತೀನಿ.

ಪಿಜಿ ಫಸ್ಟ್ ಇಯರ್, ಕಾಲೇಜಿನ ಹೆಸರು ಬೇಡ. ಜೋರು ಮಳೆಗಾಲ. ಆಗುಂಬೆ ಕಡೆಯಿಂದ ತೋಟದ ಕೆಲಸದ ಒಬ್ಬ ಹೆಂಗಸು ಬಂದ್ರು, ಉಂಬಳ (ಜಿಗಣೆ) ಕಚ್ಚಿದ ಜಾಗ ಕೆರ್ಕೊಂಡು ಕೆರ್ಕೊಂಡು ಗಾಯ ಆಗಿ ಕಾಲು ದಪ್ಪ ಆಗಿತ್ತು. ಕಡುಗಪ್ಪು ಮೈಬಣ್ಣ. ನಾನು ಟ್ಯೂಬ್‌ಲೈಟ್ ಬೆಳಕಲ್ಲಿ ನೋಡ್ದೆ, ಕೆಂಪಗಾಗಿಲ್ಲ ಅಂತ ಕೇಸ್ ಶೀಟಲ್ಲಿ ಬರ್ದೆ, ನಾಳೆ ಬನ್ನಿ ಅನ್ನೋದ್ರಲ್ಲಿದ್ದೆ. ಅಲ್ಲಿದ್ದ ಹಿರಿ ಸಿಸ್ಟರ್ ಒಬ್ರು ಅಂಗೈ ಹಿಂಬದಿ ಇಟ್ಟು ನೋಡಿ "ಡಾಕ್ಟ್ರೇ, ಕೆಂಡ ಇದ್ದಂಗಿದೆ, ಒಂದ್ಸಲ ಮುಟ್ಟಿ ನೋಡಿ" ಅಂದ್ರು. ಕಿಟಕಿ ಹತ್ರ ಕೂರಿಸಿ ಎರಡೂ ಕಾಲು ಪಕ್ಕ ಪಕ್ಕ ಇಟ್ಟು ನೋಡಿದ್ರೆ ನೋವಿದ್ದ ಕಾಲು ನೇರಳೆ ಹಣ್ಣಿನ ಸಿಪ್ಪೆ ಬಣ್ಣಕ್ಕೆ ತಿರುಗಿತ್ತು. ಸೆಲ್ಯುಲೈಟಿಸ್, ಅಂದ್ರೆ ಚರ್ಮದ ಒಳಪದರಕ್ಕೆ ಹತ್ತೋ ಸೋಂಕು. ಅವತ್ತೇ ಅಡ್ಮಿಟ್ ಮಾಡಿ ಆಂಟಿಬಯೋಟಿಕ್ ಹಾಕಿದ್ವಿ. ನಾನು ಓದಿದ ಪುಸ್ತಕದ ಫೋಟೋಗಳಲ್ಲಿ ಬರೀ ಬಿಳಿ ಕಾಲು, ಅದರ ಮೇಲೆ ಟೊಮೆಟೊ ಕೆಂಪು. ನನ್ನ ಕಣ್ಣು ಅದನ್ನೇ ಹುಡುಕ್ತಿತ್ತು.

ಈ ತೊಂದ್ರೆ ಇವತ್ತಿಂದಲ್ಲ. ಚರ್ಮದ ಟೈಪ್ ಹೇಳೋಕೆ ನಾವು ದಿನಾ ಬಳಸೋ ಫಿಟ್ಸ್‌ಪ್ಯಾಟ್ರಿಕ್ ಸ್ಕೇಲ್ 1975ರಲ್ಲಿ ಬಂದಿದ್ದು, ಲೈಟ್ ಟ್ರೀಟ್ಮೆಂಟಿನ ಡೋಸ್ ಲೆಕ್ಕ ಹಾಕೋಕೆ ಅಂತ ಬಿಳಿಯರ ಚರ್ಮ ಇಟ್ಕೊಂಡೇ ಮಾಡಿದ್ದು, ಕಂದು ಮತ್ತು ಕಪ್ಪು ಚರ್ಮದ ಎರಡು ಟೈಪ್ ಆಮೇಲೆ ಸೇರಿಸಿದ್ರು. ಅಂದ್ರೆ ನಮ್ಮನ್ನ ಕೊನೇ ಬೆಂಚಲ್ಲಿ ಕೂರಿಸಿದ್ರು. ಮಿಷನ್ನೂ ಇದಕ್ಕೆ ಹೊರತಲ್ಲ. ರಕ್ತದ ಆಕ್ಸಿಜನ್ ನೋಡೋಕೆ ಬೆರಳಿಗೆ ಸಿಗಿಸ್ತೀವಲ್ಲ ಪಲ್ಸ್ ಆಕ್ಸಿಮೀಟರ್, ಅದು 92ರಿಂದ 96 ಪರ್ಸೆಂಟ್ ತೋರಿಸ್ತಿದ್ದಾಗ್ಲೂ ರಕ್ತದಲ್ಲಿ ಆಕ್ಸಿಜನ್ ನಿಜವಾಗಿ 88ಕ್ಕಿಂತ ಕಮ್ಮಿ ಇದ್ದಿದ್ದು ಕಪ್ಪು ರೋಗಿಗಳಲ್ಲಿ 11.7 ಪರ್ಸೆಂಟ್, ಬಿಳಿಯರಲ್ಲಿ 3.6 ಅಂತ 2020ರಲ್ಲಿ ಅಮೆರಿಕದ ಸ್ಟಡಿಯೊಂದು ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂತು, ಅದೂ ಕೋವಿಡ್ ಟೈಮಲ್ಲಿ, ಆ ನಂಬರ್ ನೋಡ್ಕೊಂಡೇ ಬೆಡ್ ಕೊಡ್ತಿದ್ದಾಗ!

ಇನ್ನು ನಮ್ಮಲ್ಲಿ ಎಲ್ರೂ ಕಂದು ಅಂದ್ರಲ್ಲ, ಇಲ್ಲಿ ಬಣ್ಣದ ಜೊತೆ ಜಾತಿನೂ ಕೆಲ್ಸ ಮಾಡತ್ತೆ. ಅಡಿಕೆ ಸುಗ್ಗಿಲಿ ರಾತ್ರಿಯೆಲ್ಲಾ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯೋರ ಕೈ ನೋಡಿದೀರಾ, ಬೆರಳು ಉಗುರು ಎಲ್ಲಾ ಕರ್ರಗೆ, ಯಾವ ಸೋಪಿಗೂ ಜಗ್ಗಲ್ಲ. ಅಂಥ ಕೈ ನೋಡಿ ಘಟ್ಟದ ಮೇಲಿನ ಜೀವನ ಗೊತ್ತಿಲ್ದ ಒಬ್ಬ ಜೂನಿಯರ್ "ಪೂರ್ ಹೈಜೀನ್" ಅಂತ ಬರೆದಿದ್ದ. ನಾಲ್ಕು ಸಲ ತೊಳ್ಕೊಂಡು, ಇದ್ದಿದ್ರಲ್ಲಿ ಒಳ್ಳೆ ಸೀರೆ ಉಟ್ಕೊಂಡು ಬಂದಿದ್ದ ಅಮ್ಮ ಅವರು. ಅದೇ ಕಲೆ ತೋಟದ ಯಜಮಾನ್ರ ಕೈಲಿದ್ರೆ ಹಾಗೆ ಬರೀತಿದ್ನಾ ಅಂತ ಕೇಳಿದ್ದಕ್ಕೆ ಮುಖ ಕೆಳಗೆ ಹಾಕ್ದ. ಪಿಜಿಗಳ ಮಧ್ಯೆನೂ "ನೀವು ಯಾರ ಪೈಕಿ" ಅನ್ನೋ ಪ್ರಶ್ನೆ ಮೊದಲ ವಾರದಲ್ಲೇ ಬರತ್ತೆ. ದೆಹಲಿ ಏಮ್ಸ್‌ನಲ್ಲೇ ಜಾತಿ ತಾರತಮ್ಯ ಇದೆ ಅಂತ ಸರ್ಕಾರವೇ ನೇಮಿಸಿದ್ದ ಥೋರಟ್ ಕಮಿಟಿ 2007ರಲ್ಲೇ ರಿಪೋರ್ಟ್ ಕೊಟ್ಟಿದೆ.

ಬೆಳ್ಳಗಾಗೋ ಹುಚ್ಚಿನ ಬಗ್ಗೆ ಹೇಳ್ದೇ ಇರೋಕಾಗಲ್ಲ. ವಾರಕ್ಕೆ ಇಬ್ರು ಮೂವರಾದ್ರೂ ಬರ್ತಾರೆ, ಗಂಡಿನ ಕಡೆಯೋರು ನೋಡೋಕೆ ಬರ್ತಾರೆ ಅಂತ ಸ್ಟೀರಾಯ್ಡ್ ಇರೋ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳ್ಳಗಾಗಿ, ಮೊಡವೆ ಎದ್ದು, ನರ ಕಾಣ್ತಾ, ಬಿಟ್ರೆ ಉರಿ ಹಚ್ಚಿದ್ರೆ ಹಾಳು ಅನ್ನೋ ಸ್ಥಿತಿಲಿ. 2018ರಲ್ಲಿ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿದ್ರು, ಡಾಕ್ಟ್ರ ಚೀಟಿ ಬೇಕೇ ಬೇಕು, ಆದ್ರೂ ಹೇಗೋ ಸಿಗತ್ತೆ. ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು, ಹುಡುಗಿ ಬಣ್ಣ ಹೇಗೆ ಅಂತ ಕೇಳೋರು ಮಾತ್ರ ಹಾಗೇ ಇದ್ದಾರೆ. ನಮ್ಮೋರೇ ಬೋರ್ಡಲ್ಲಿ "ಫೇರ್‌ನೆಸ್ ಟ್ರೀಟ್ಮೆಂಟ್" ಅಂತ ಬರ್ಸಿ, ಆಮೇಲೆ ಸೆಮಿನಾರಲ್ಲಿ ಸಮಾನತೆ ಬಗ್ಗೆ ಸ್ಲೈಡ್ ಹಾಕಿದ್ರೆ ನಂಗೆ ನಗು ಬರತ್ತೆ. ನನ್ನ ಬೋರ್ಡಲ್ಲೂ ಮೊದಲ ಎರಡು ವರ್ಷ ಅದಿತ್ತು, ಸುಳ್ಳು ಹೇಳಲ್ಲ. ಬಾಡಿಗೆ ಕಟ್ಬೇಕಿತ್ತು.

ನೀವೇನ್ ಮಾಡ್ಬಹುದು ಅಂದ್ರೆ, ಲಂಡನ್ನಲ್ಲಿ ಮಲೋನ್ ಮುಕ್ವೆಂಡೆ ಅನ್ನೋ ಮೆಡಿಕಲ್ ಸ್ಟೂಡೆಂಟ್ ಕಪ್ಪು ಚರ್ಮದ ಮೇಲೆ ಇದು ಹೇಗೆ ಕಾಣತ್ತೆ ಅಂತ ಕ್ಲಾಸಲ್ಲಿ ಕೇಳ್ತಾ ಕೇಳ್ತಾ 2020ರಲ್ಲಿ ತನ್ನ ಮೇಷ್ಟ್ರುಗಳ ಜೊತೆ ಸೇರಿ ಫೋಟೋಗಳ ಕೈಪಿಡಿನೇ ಮಾಡ್ದ. ನಿಮಗೆ ಓಪಿಡಿಲಿ ದಿನಾ ಅಂಥ ಚರ್ಮ ಸಿಗತ್ತೆ. ರೋಗಿಯ ಒಪ್ಪಿಗೆ ತಗೊಂಡು, ಮುಖ ಬರದ ಹಾಗೆ, ಕಿಟಕಿ ಬೆಳಕಲ್ಲಿ ಫೋಟೋ ತೆಗೀರಿ, ಪಕ್ಕದಲ್ಲಿ ಚೆನ್ನಾಗಿರೋ ಜಾಗದ್ದೂ ಒಂದು ಇರ್ಲಿ, ಡಿಪಾರ್ಟ್ಮೆಂಟ್ ಕಂಪ್ಯೂಟರಲ್ಲೇ ಇಡಿ, ನಿಮ್ಮ ವಾಟ್ಸಾಪಲ್ಲಲ್ಲ. ಸೀನಿಯರ್ ಯಾರಾದ್ರೂ ಕೆಂಪಗಿದೆಯಾ ಅಂತ ಕೇಳಿದ್ರೆ ಬಿಸಿ ಇದೆ, ಊತ ಇದೆ, ನೇರಳೆ ಬಣ್ಣಕ್ಕಿದೆ ಅಂತ ಉತ್ತರ ಕೊಡಿ, ಎರಡನೇ ಸಲಕ್ಕೆ ಅವರೂ ಮುಟ್ಟಿ ನೋಡ್ತಾರೆ.