ಕೋವಿಡ್ ಅನ್ನು ಚೆನ್ನಾಗಿ ನಿಭಾಯಿಸಿದ ದೇಶ ಯಾವುದು? ಗಡಿ ಮುಚ್ಚಿದ್ದರಿಂದಲೇ ಗೆದ್ದರಾ?

ಗಡಿ ಮುಚ್ಚಿದ್ದು ಒಂದೇ ಕಾರಣ ಅಲ್ಲ. 2020ರ ಮಾರ್ಚ್‌ನಲ್ಲಿ ನಮ್ಮ ಕೊಡಗಿನಲ್ಲೂ ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಕೇರಳದ ಕಡೆಯ ಓಡಾಟ ನಿಲ್ಲಿಸಿದ್ದರು, ನೆನಪಿದೆ ಅಲ್ವಾ? ಅಷ್ಟರಲ್ಲಿ ಜಿಲ್ಲೆಗೆ ಸೋಂಕು ಬಂದಾಗಿತ್ತು, ಅದೂ ವಿದೇಶದಿಂದ.

ತೈವಾನ್ ನೋಡಿ. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ಸಾಂಕ್ರಾಮಿಕದಿಂದ ಪೆಟ್ಟು ತಿಂದಿದ್ದ ಅವರು 2019ರ ಡಿಸೆಂಬರ್ 31ರಂದೇ ವುಹಾನ್ ವಿಮಾನಗಳ ಪ್ರಯಾಣಿಕರನ್ನು ತಪಾಸಣೆ ಮಾಡಲು ಶುರು ಮಾಡಿದರು, ಹಾಗಾಗಿ 2020ರಲ್ಲಿ ಇಡೀ ದೇಶಕ್ಕೆ ಲಾಕ್‌ಡೌನ್ ಹಾಕುವ ಪರಿಸ್ಥಿತಿಯೇ ಬರಲಿಲ್ಲ. ನ್ಯೂಜಿಲೆಂಡ್ ಬೇಗ ಬಾಗಿಲು ಹಾಕಿತು, ಸುತ್ತ ಸಮುದ್ರ ಇದ್ದದ್ದೂ ನೆರವಾಯಿತು. ಸ್ವೀಡನ್ ಸಣ್ಣ ಮಕ್ಕಳ ಶಾಲೆ ತೆರೆದೇ ಇಟ್ಟಿತು. ಅದು ಒಳ್ಳೆಯದೇ, ಆದರೆ ವೃದ್ಧಾಶ್ರಮಗಳನ್ನು ಕಾಪಾಡಲಿಲ್ಲ. ಮೊದಲ ಅಲೆಯ ಸಾವು ಪಕ್ಕದ ನಾರ್ವೆ, ಫಿನ್ಲೆಂಡ್‌ಗಿಂತ ಎಷ್ಟೋ ಜಾಸ್ತಿ.

ನನ್ನನ್ನು ಕಾಡುವುದು ಸಿಂಗಾಪುರ. ಆರಂಭದಲ್ಲಿ ಎಲ್ಲರೂ ಹೊಗಳಿದ್ದರು. ಏಪ್ರಿಲ್‌ನಲ್ಲಿ ವಲಸೆ ಕಾರ್ಮಿಕರ ಡಾರ್ಮಿಟರಿಗಳಲ್ಲಿ ಸೋಂಕು ಭುಗಿಲೆದ್ದಿತು. ಒಂದೇ ಕೋಣೆಯಲ್ಲಿ ಹತ್ತಾರು ಜನ, ಅಡುಗೆಮನೆ, ಶೌಚಾಲಯ ಎಲ್ಲಾ ಹಂಚಿಕೊಂಡು. ಕಾಫಿ ತೋಟದ ಲೈನ್ ಮನೆ, ಅಂದರೆ ಕಾರ್ಮಿಕರ ಸಾಲು ಮನೆ, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟದ ಮಾಲೀಕರು ದೊಡ್ಡ ಅಂಗಳದಲ್ಲಿ ಓಡಾಡಿಕೊಂಡಿರಬಹುದು, ಲೈನ್‌ನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಇರುವವರು, ಬೆಳಿಗ್ಗೆ ಎದ್ದು ಒಂದೇ ನಲ್ಲಿಯ ಹತ್ತಿರ ಕೊಡ ಇಡುವವರು ಅಂತರ ಕಾಯುವುದು ಹೇಗೆ? ಸಿಂಗಾಪುರ ಕೊನೆಗೆ ಡಾರ್ಮಿಟರಿಯವರನ್ನೆಲ್ಲ ಪರೀಕ್ಷಿಸಿ, ಸೋಂಕಿತರನ್ನು ಬೇರೆ ಕಡೆ ಇರಿಸಿ, ಆಗಸ್ಟ್ ಹೊತ್ತಿಗೆ ಹತೋಟಿಗೆ ತಂದಿತು. ಆದರೆ ಊರೆಲ್ಲ ತೆರೆದ ಮೇಲೂ ಆ ಕಾರ್ಮಿಕರ ಓಡಾಟಕ್ಕೆ ಬಹಳ ಕಾಲ ನಿರ್ಬಂಧ ಉಳಿದೇ ಇತ್ತು.