ಕೇಳಿ ಪಡೆದ ಔಷಧಿ, ಕೇಳದೆ ಬಂದ ನೋವು

ಸಿದ್ದಾಪುರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಾನು ಟ್ರಾನ್ಸ್ ಮ್ಯಾನ್, ಅಂದರೆ ಹುಟ್ಟಿದಾಗ ಹೆಣ್ಣು ಅಂದರು, ಆದರೆ ನಾನು ಗಂಡು. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಇಂಜೆಕ್ಷನ್‌ನಿಂದ ಮುಟ್ಟು ನಿಂತಿದೆ, ದನಿ ಒಡೆದಿದೆ, ಖುಷಿಯಿದೆ. ಆದರೆ ಕೆಲವು ತಿಂಗಳಿಂದ ಕಿಬ್ಬೊಟ್ಟೆ ಹಿಂಡುತ್ತಿದೆ. ಡಾಕ್ಟರು ‘ನೀನೇ ಕೇಳಿ ತಗೊಂಡಿದ್ದು, ತಡ್ಕೋ’ ಅಂದರು. ಹೆದರಿ ಒಂದು ಡೋಸ್ ಬಿಟ್ಟೆ. ತಡ್ಕೊಳ್ಳಲೇಬೇಕಾ ಸರ್?”

ಬೇಡ. ಖಂಡಿತ ಬೇಡ.

ಹಾರ್ಮೋನ್ ಚಿಕಿತ್ಸೆಗೆ ಅಡ್ಡ ಪರಿಣಾಮ ಇರುತ್ತದೆ, ಅದು ಸರಿ. ಆದರೆ ಬಿಪಿ ಮಾತ್ರೆಯಿಂದ ಒಣಕೆಮ್ಮು ಬಂದರೆ ಬೇರೆ ಮಾತ್ರೆ ಬರೆಯುತ್ತಾರೆ, ತಡ್ಕೋ ಅನ್ನುತ್ತಾರಾ? ಶಿರಸಿ ಕಡೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಸೊಂಟ ಹಿಡಿದರೆ ಊರೆಲ್ಲ ಔಷಧಿ ಹೇಳುತ್ತದೆ. ಕಾರವಾರದಲ್ಲಿ ಮೀನಿನ ಬುಟ್ಟಿ ಹೊರುವ ಅಕ್ಕ ಕುತ್ತಿಗೆ ನೋವನ್ನು ಸಂತೆಯಲ್ಲೇ ಹೇಳುತ್ತಾಳೆ. ಹೊಕ್ಕುಳ ಕೆಳಗಿನ ನೋವಿಗೆ ಮಾತ್ರ ಎಲ್ಲರೂ ಬಾಯಿ ಮುಚ್ಚುತ್ತಾರೆ. ನಮ್ಮ ಎಷ್ಟೋ ತಾಯಂದಿರು ಹೀಗೇ ನರಳಿದ್ದಾರೆ. ಈಗ ಅದನ್ನೇ ನಿಮಗೂ ದಾಟಿಸುವುದಾ? ನನಗೆ ಸಿಟ್ಟು ಬರುತ್ತದೆ.

ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವ ಅನೇಕರಿಗೆ ಈ ನೋವು ಬರುತ್ತದೆ. ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜನ್ ಪ್ರಭಾವ ತಗ್ಗಿ ಯೋನಿಯ ಒಳಪದರ ತೆಳುವಾಗಿ ಒಣಗಬಹುದು, ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿಯಾಗಬಹುದು. ಮುಟ್ಟು ನಿಂತ ಮಾತ್ರಕ್ಕೆ ಗರ್ಭಕೋಶದ ಸಂಗತಿ ಮುಗಿಯಿತು ಅಂತಲೂ ಅಲ್ಲ. ಮೂತ್ರದ ಸೋಂಕು, ಅಂಡಾಶಯದ ಗಡ್ಡೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ತೊಂದರೆ) ಇದೆಯಾ ನೋಡಬೇಕು. ಅದಕ್ಕೆ ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಕೇಳಿ ಮಾಡಿಸಿ. ಸ್ನಾಯು ಬಿಗಿಯಾಗಿದ್ದರೆ ಅದಕ್ಕೇ ಕಲಿತ ಫಿಸಿಯೋಥೆರಪಿಸ್ಟರು ಸಡಿಲಿಸುವುದು ಹೇಳಿಕೊಡುತ್ತಾರೆ. ಒಣಗಿದ್ದರೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಕೊಡಬಹುದು. ಹೆಸರು ಕೇಳಿ ಬೆಚ್ಚಬೇಡಿ. ಅದು ಮುಖ್ಯವಾಗಿ ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನಿಮ್ಮ ಗಡ್ಡಕ್ಕೆ ಏನೂ ಆಗುವುದಿಲ್ಲ.

ಆದರೆ ಡೋಸ್ ನೀವಾಗಿಯೇ ಬಿಟ್ಟಿದ್ದು ಸರಿಯಲ್ಲ ಮಾರಾಯ್ರೇ. ಹಾರ್ಮೋನ್ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಇಂಜೆಕ್ಷನ್ ದಿನ, ನೋವು ಬಂದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಯ್ಯಿರಿ. ಜ್ವರ, ರಕ್ತಸ್ರಾವ ಅಥವಾ ತಟ್ಟನೆ ಜೋರು ನೋವು ಬಂದರೆ ಅದೇ ದಿನ ಹೋಗಿ.

ಎಲ್ಲಿಗೆ ಅಂತೀರಾ? ಅದೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಗೋಳು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದು ಕೇಳಿದ್ದಾರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯೇ ಹಾರ್ಮೋನ್ ಚಿಕಿತ್ಸೆಯ ವ್ಯವಸ್ಥೆ ಸರ್ಕಾರದ ಹೊಣೆ ಎಂದಿತು. ಔಷಧಿ ಕೊಡುವ ಹೊಣೆ ಇದ್ದರೆ, ಅದರಿಂದ ಬಂದ ನೋವು ನೋಡುವ ಹೊಣೆಯೂ ಇರಬೇಕಲ್ವಾ? ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ಗಡ್ಡವಿರುವವರೊಬ್ಬರು ನಿಂತರೆ ಚೀಟಿ ಬರೆಯುವವರು ಸುಮ್ನೆ ಹೆಸರು ಬರೆದುಕೊಳ್ಳಲಿ. ಅದಕ್ಕೆ ಬಜೆಟ್ಟೂ ಬೇಡ, ಹೊಸ ಕಟ್ಟಡವೂ ಬೇಡ.